ಮೂರು ಪೆಟ್ಟಿಗಿ ಕಾದ ಮುದಕಪ್ಪ

ಕೇಳ್ರಿ, ಈಗ ನಗಬ್ಯಾಡ್ರಿ. ನಗಾಕ ಮುಂದ ಬಾಳ ಐತಿ.

ನಮ್ಮ ನೇಕಾರರ ಓಣ್ಯಾಗ ಸಾವಂತ್ರೆವ್ವ ಅಂತ ಒಬ್ಬಾಕಿ. ಆಕಿಗೊಬ್ಬ ಮಗ, ಮುದಕಪ್ಪ. ಮೀಸಿ ಬಂದಿತ್ತು, ಬುದ್ಧಿ ಬಂದಿರಲಿಲ್ಲ. ಗಣಪ್ಪನ್ನ ಮಾಡು ಅಂದ್ರ ಅವರಪ್ಪನ್ನ ಮಾಡೋರು ಇರ್ತಾರ, ಇವ ಹಂಗಲ್ಲ. ಗಣಪ್ಪನ್ನ ಮಾಡು ಅಂದ್ರ ಗಣಪ್ಪನ್ನ ಮಾಡಾಂವ, ನಿಲ್ಲಸು ಅನ್ನೋತನಾ ಮಾಡಕೋಂತ ಕುಂದ್ರಾಂವ!

"ಶಿವನ, ಇವನ್ನ ಕಟಗೊಂಡು ನಾ ಏನ್ ಮಾಡ್ಲಿ!" ಅಂತ ಅವ್ವ ದಿನಾ ಹಣಿ ಹಣಿ ಬಡಕೋತಿದ್ಲು.

ಆಕಿ ಗಂಡ ಸೀರಿ ಅಂಚಿನ ಚಿತ್ರ ಬರ್ಯಾಂವ. ಏನ್ ಕೈ ಅಂತೀರಿ! ನವಿಲು ಬರದ್ರ ನವಿಲು ಕುಣೀತಿತ್ತು. ಅವ ತೀರಿಕೊಂಡ ಮ್ಯಾಲೆ ಕಾಗದ ಎಲ್ಲಾ ಗೆದ್ದಲ ತಿಂದು ಹೋದುವು. ಪುಣ್ಯಾಕ ನೇಕಾರರ ಸಂಘದವರು ಅದಕ್ಕೂ ಮೊದಲ ಎಲ್ಲಾ ಚಿತ್ರ ಕಂಪ್ಯೂಟರ್ ಪೆಟ್ಟಿಗ್ಯಾಗ ಇಟ್ಟಿದ್ರು. ಒಂದು ಪೆಟ್ಟಿಗಿ ನಮ್ಮೂರಾಗ, ಒಂದು ಹೊಸಹಳ್ಳ್ಯಾಗ, ಒಂದು ಕಲ್ಲಾಪುರದಾಗ. ನಡುವ ಕಂಬದ ಮ್ಯಾಲೆ ವೈರು. ಒಂದು ಕೆಟ್ರ ಇನ್ನೆರಡು ಇರ್ಲಿ ಅಂತ. ಗಂಡಂದು ಅಂತ ಸಾವಂತ್ರೆವ್ವಗ ಉಳದದ್ದು ಅಷ್ಟ.

ಅದಕ್ಕ ಆಕಿ ಸಂಘದ ಕಸ್ತೂರಕ್ಕನ ಮುಂದ ಸೆರಗೊಡ್ಡಿದ್ಲು. "ಯಕ್ಕಾ, ನನ್ನ ಮಗನ್ನ ಆ ಪೆಟ್ಟಿಗಿ ಕಾಯಾಕ ಇಡು. ಅವರಪ್ಪನ ಕೆಲಸ ಅವನ ಕಾಯ್ಲಿ!"

ಕಸ್ತೂರಕ್ಕ ಒಳ್ಳೇಕಿ. ಒಪ್ಪಿಕೊಂಡ್ಲು. ಮುದಕಪ್ಪನ್ನ ಕರದು ಹೇಳಿದ್ಲು, "ನೋಡೋ, ಈ ಪೆಟ್ಟಿಗ್ಯಾಗ ಏನಾಕ್ಕೈತಿ, ಅದ ಉಳದ ಎರಡರಾಗೂ ಆಗಬೇಕು. ತಿಳೀತಿಲ್ಲೋ?"

"ತಿಳೀತ್ರಿ!"

ಮಾರನೇ ದಿನ ಶುಕ್ರವಾರ. ಪೂಜಿಗೆ ಕಾಯಿ ಒಡದ್ರು, ನೀರು ಸಿಡದು ಪೆಟ್ಟಿಗಿ ಮ್ಯಾಲೆ ಬಿತ್ತು. ಕಸ್ತೂರಕ್ಕ ಒರಸಾಕ ಅರಿಬಿ ತರೂದ್ರಾಗ ಮುದಕಪ್ಪ ಇಲ್ಲ! ಎರಡು ಕಾಯಿ ಬಗಲಾಗ ಇಟಗೊಂಡು ಬಸ್ ಹತ್ಯಾನ. ಹೊಸಹಳ್ಳಿ ಪೆಟ್ಟಿಗಿ ಮ್ಯಾಲೆ ಒಂದು ಕಾಯಿ ನೀರು, ಕಲ್ಲಾಪುರದ್ದರ ಮ್ಯಾಲೆ ಒಂದು ಕಾಯಿ ನೀರು. ಪಟ್ ಅಂದು ಎರಡೂ ಆರಿದುವು!

"ಏ ಮಬ್ಬ! ಕಾಯಿ ನೀರಲ್ಲೋ, ಚಿತ್ರ! ಅದನ್ನ ಪೆಟ್ಟಿಗಿನ ತಮ್ಮ ತಮ್ಮಾಗ ಮಾತಾಡಿಕೊಂಡು ಮಾಡಕೋತಾವು. ನೀ ನಡುವ ಬಾಯಿ ಹಾಕಬ್ಯಾಡ!" ಅಂತ ಕಸ್ತೂರಕ್ಕ ಬೈದ್ಲು.

"ಹಂಗ ಆಗ್ಲಿರಿ!"

ರಿಪೇರಿ ಮಾಡಿ ತಂದಿಟ್ರು. ಮುದಕಪ್ಪ ಬಾಯಿಗೆ ಬೀಗ ಹಾಕ್ಕೊಂಡು ಕುಂತ. ಬಂದವರಿಗೆಲ್ಲಾ "ಶ್! ಮಾತಾಡಾಕ ಹತ್ಯಾವು!" ಅಂತ ಬಟ್ಟು ತೋರಸಾಂವ. ಒಂದು ದಿನ ಪೆಟ್ಟಿಗಿ ಮ್ಯಾಲೆ ಕೆಂಪು ದೀಪ ಹತ್ತಿತು. ಕೆಂಪು ದೀಪ ಅಂದ್ರ ಪೆಟ್ಟಿಗಿಗೋಳ ಮಾತು ನಿಂತೈತಿ ಅಂತ. ಇವ ಕಂಡ. ಕಂಡೂ ಸುಮ್ಮನ ಕುಂತ. ನವಿಲಿನ ಅಳಸಿಹೋದ ಕಾಲು ಇಲ್ಲಿ ತಿದ್ದಿದ್ರು, ತಿದ್ದಿದ್ದು ಅಲ್ಲಿಗೆ ಹೋಗಲೇ ಇಲ್ಲ. ಕಲ್ಲಾಪುರದವರು ಹಳೇದ ನೋಡಿ ನೇಯ್ದರು, ಒಂಟಿಕಾಲಿನ ನವಿಲು!

"ಅಯ್ಯ ನಿನ್ನ ಬಾಯಿಗೆ ಮಣ್ಣು ಹಾಕ! ಕೆಂಪು ದೀಪ ಕಂಡ್ರ ಸುಮ್ಮನ ಕುಂದ್ರತಾರನೋ? ಮೊದಲ ಬಟನ್ ಆರಿಸು, ಆಮ್ಯಾಲೆ ಹಚ್ಚು!"

"ಆರಸ್ತೀನ್ರಿ, ಹಚ್ಚತೀನ್ರಿ!"

ಅವತ್ತ ಸಂಜಿಗೆ ಅವ್ವ ಜ್ವಾಳ ಕೊಟ್ಟು ಗಿರಣಿಗೆ ಕಳಿಸಿದ್ಲು. ಗಿರಣಿ ಭರ್ರ್ ಅಂತ ನಡದಿತ್ತು. ಅದರ ಗ್ವಾಡಿ ಮ್ಯಾಲೆ ಏನೈತಿ? ಕೆಂಪು ದೀಪ! ಮುದಕಪ್ಪ ಹಾರಿ ಹೋಗಿ ಆರಿಸಿದ, ಹಚ್ಚಿದ. ದೀಪ ಮತ್ತ ಕೆಂಪ! ಮತ್ತ ಆರಿಸಿದ, ಮತ್ತ ಹಚ್ಚಿದ. ಪಟ್ಟಾ ಹರೀತು, ಹಿಟ್ಟು ಹಾರಿತು, ಪಾಳಿ ಹಚ್ಚಿದ ಹೆಣ್ಣಮಕ್ಕಳೆಲ್ಲಾ ತಲಿಯಿಂದ ಕಾಲತನಾ ಬೆಳ್ಳಗ! ಯಾರ ಅತ್ತಿ, ಯಾರ ಸ್ವಸಿ ಗುರ್ತ ಹತ್ತವಲ್ದು. ಬಯ್ಯಾಕ ಮಾತ್ರ ಎಲ್ಲಾರೂ ಒಂದಾಗಿದ್ರು.

ಗಿರಣ್ಯಾಂವ ಕಸ್ತೂರಕ್ಕನ ಮನಿ ಬಾಗಿಲಿಗೆ ಬಂದು ಕುಂತ. ಆಕಿಗೂ ಸಾಕಾಗಿತ್ತು. "ಆರಿಸೂದೂ ಬ್ಯಾಡ, ಹಚ್ಚೂದೂ ಬ್ಯಾಡ ನಮ್ಮಪ್ಪಾ! ಕೈ ಮುಗೀತೀನಿ. ಪೆಟ್ಟಿಗ್ಯಾಗ ಕೆಂಪು ದೀಪ ಹತ್ತಿದ್ರ, ಅದರ ವೈರ್ ಹಿಡಕೊಂಡು ಹೊಸಹಳ್ಳಿತನಾ ನಡಕೋಂತ ಹೋಗು. ಎಲ್ಲಿ ಕಡದೈತಿ ನೋಡಿಕೊಂಡು ಬಾ. ಇದೊಂದರ ಮಾಡ್ತೀಯೋ ಇಲ್ಲೋ?"

"ಮಾಡ್ತೀನ್ರಿ!"

ಸಾವಂತ್ರೆವ್ವ ಮಗನ ಗದ್ದ ಹಿಡದು ಅತ್ಲು. "ಲೇ ಮುದಕ್ಯಾ, ಈ ಸಲ ತಪ್ಪಿದ್ರ ಕೆಲಸ ಹೋಕ್ಕೈತಿ. ಅಲ್ಲಿ ನಿಮ್ಮಪ್ಪ ಅದಾನ, ಜ್ವಾಕಿ!"

ವಾರ ಕಳೀತು. ಒಂದಿನ ಮಧ್ಯಾಹ್ನ ಕಸ್ತೂರಕ್ಕ ಊಟಕ್ಕ ಹೋಗಿದ್ಲು. ಕೆಂಪು ದೀಪ ಹತ್ತಿತು. ಮುದಕಪ್ಪ ಎದ್ದ. ಪೆಟ್ಟಿಗಿ ಹಿಂದ ಕೈ ಹಾಕಿ ವೈರ್ ಹಿಡಕೊಂಡ. ಹಿಡಕೊಂಡು ನಡದ. ವೈರ್ ಎಲ್ಲಿ ಬರ್ತೈತ್ರಿ? ಆ ಕಡೆ ಪೆಟ್ಟಿಗಿಯಿಂದ ಕಿತ್ತಿತು, ಈ ಕಡೆ ಗ್ವಾಡಿಯಿಂದ ಕಿತ್ತಿತು, ಮಾರುದ್ದ ತುಂಡು ಕೈಯಾಗ ಬಂತು. ಇವಗೇನು? ಹಿಡಕೊಂಡು ಹೋಗು ಅಂದಿದ್ರು, ಹಿಡಕೊಂಡು ಹೊಂಟ! ಬಿಸಲಾಗ, ಕೆನಾಲ್ ದಂಡಿ ಮ್ಯಾಲೆ, ಹಾವು ಹಿಡದವರಂಗ ವೈರ್ ಮುಂದ ಚಾಚಿಕೊಂಡು.

"ಎಲ್ಲಿಗೋ?" ಅಂತ ಎದುರಿಗೆ ಬಂದವರು ಕೇಳಿದ್ರ, "ಎಲ್ಲಿ ಕಡದೈತಿ ನೋಡಾಕ್ರಿ!"

ಹೊಸಹಳ್ಳಿ ಸಂಘದಾಗ ಕಾಲಿಟ್ಟ. ಅಲ್ಲಿ ನೋಡಿದ್ರ ಬಸಲಿಂಗ ಅನ್ನೋ ಹೊಸ ಗುಮಾಸ್ತ ತಲಿ ಮ್ಯಾಲೆ ಕೈ ಹೊತಗೊಂಡು ಅಳಾಕ ಹತ್ತಿದ್ದ. ಆಗಿದ್ದೇನಂದ್ರ, ಮುದಕಪ್ಪ ಇನ್ನೂ ದಾರ್ಯಾಗ ಇದ್ದಾಗ ಬಸಲಿಂಗ ಪೆಟ್ಟಿಗ್ಯಾಗ ಜಾಗಾ ಮಾಡಾಕ ಹೋಗಿ ಸಾವಂತ್ರೆವ್ವನ ಗಂಡನ ಚಿತ್ರ ಅಷ್ಟೂ ಅಳಿಸಿಬಿಟ್ಟಿದ್ದ. ಪೆಟ್ಟಿಗಿಗೋಳಿಗೆ ಒಳ್ಳೇದು ಕೆಟ್ಟದ್ದು ಗೊತ್ತಿರ್ತೈತೇನು? ಒಂದರಾಗ ಇಟ್ರ ಎಲ್ಲಾದ್ರಾಗೂ ಇಡ್ತಾವು, ಒಂದರಾಗ ಅಳಿಸಿದ್ರ ಎಲ್ಲಾದ್ರಾಗೂ ಅಳಸ್ತಾವು. ಕಲ್ಲಾಪುರದ್ದೂ ಆಗಲೇ ಬರಿದಾಗಿತ್ತು.

ಸುದ್ದಿ ಮುಟ್ಟಿ ಕಸ್ತೂರಕ್ಕ ಊಟದ ಕೈಯಾಗ ಓಡಿ ಬಂದು ನಮ್ಮೂರ ಪೆಟ್ಟಿಗಿ ತಗದು ನೋಡಿದ್ಲು. ಹಿಂದ ಸಾವಂತ್ರೆವ್ವ, ಬಾಯಾಗ ಸೆರಗು ತುರಕೊಂಡು.

ನವಿಲು ಇತ್ತು! ಹಂಸ ಇತ್ತು! ಒಂದು ಗೆರಿ ಸೈತ ಅಳದಿರಲಿಲ್ಲ!

"ಇದೊಂದರಾಗ ಹೆಂಗ ಉಳದುವು?" ಅಂತ ಕಸ್ತೂರಕ್ಕ ಹಿಂದ ಬಗ್ಗಿ ನೋಡಿದ್ಲು. ವೈರಿಲ್ಲ! ಕೆಂಪು ದೀಪ ತಾನ ಆರಿ ಮಾತು ಮತ್ತ ಕೂಡಿದ್ರ ಇದರಾಗೂ ಅಳೀತಿದ್ದುವು, ವೈರಿಲ್ಲದ್ದಕ್ಕ ಅಳಿಸು ಅನ್ನೋ ಮಾತು ಇಲ್ಲಿಗೆ ಮುಟ್ಟಿರಲಿಲ್ಲ. ಅಷ್ಟೊತ್ತಿಗೆ ಹೊಸಹಳ್ಳಿಯಿಂದ ಫೋನು, "ಯಕ್ಕಾ, ನಿಮ್ಮ ಮುದಕಪ್ಪ ವೈರ್ ಹಿಡಕೊಂಡು ಬಂದಾನ್ರೀ. ಎಲ್ಲೂ ಕಡದಿಲ್ಲಂತ!" ಕಸ್ತೂರಕ್ಕ ಅಲ್ಲೇ ನೆಲಕ್ಕ ಕುಂತು ನಕ್ಕು ನಕ್ಕು ಅತ್ಲು. ಮೊದಲ ಚಿತ್ರ ಎಲ್ಲಾ ಬ್ಯಾರೆ ಒಂದು ಸಣ್ಣ ಪೆಟ್ಟಿಗ್ಯಾಗ ಇಳಿಸಿ, ಯಾವ ವೈರಿಗೂ ಹಚ್ಚದಂಗ ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿದ್ಲು. ಆಮ್ಯಾಲೆ ಉಳದ ಪೆಟ್ಟಿಗಿ ತುಂಬಿಸಿದ್ಲು.

ಸಾವಂತ್ರೆವ್ವ ಪೆಟ್ಟಿಗಿ ಮುಂದ ಅಡ್ಡ ಬಿದ್ಲು, ಕಸ್ತೂರಕ್ಕನ ಕೈ ಕಣ್ಣಿಗೆ ಒತ್ತಿಕೊಂಡ್ಲು. "ನನ್ನ ಗಂಡ ಎರಡನೇ ಸಲ ಸಾಯೂದು ತಪ್ಪೀತು ಯವ್ವಾ!" ಮನಿಗೆ ಬಂದು ಹೋಳಿಗಿ ಮಾಡಿದ್ಲು. ಮಗ ಬಂದ ಕೂಡಲೇ ಬುಟ್ಟಿ ಅವನ ಮುಂದ ಇಟ್ಟು ಹೇಳಿದ್ಲು, "ನಿಮ್ಮಪ್ಪನ ಚಿತ್ರ ಉಳಿಸಿದವರು ಹೊಟ್ಟಿತುಂಬ ಉಣಬೇಕು ನೋಡಪಾ. ತುಪ್ಪಾ ತರ್ತೀನಿ, ತಡಿ."

ತುಪ್ಪಾ ತಂದು ನೋಡಿದ್ರ ಮಗಾ ಎಲಿ ಹಾಕ್ಯಾನ, ಎರಡು ಹೋಳಿಗಿ ಬಡಸ್ಯಾನ. ಎಲಿ ಮುಂದ, ಕುಂದ್ರೋ ಮಣಿ ಮ್ಯಾಲೆ, ಸುರುಳಿ ಸುತ್ತಿ ಕುಂದ್ರಸ್ಯಾನ, ಆ ಮಾರುದ್ದ ವೈರ್!

"ಉಣ್ಣಪಾ, ನಾಚಬ್ಯಾಡ," ಅನ್ನಾಕ ಹತ್ಯಾನ. "ಬಿಸಲಾಗ ಬಾಳ ದೂರ ನಡದೀ."

"ಲೇ ಹುಚ್ಚಪ್ಪಾ! ಅದಕ್ಕಲ್ಲೋ, ನಿನಗ ಮಾಡಿದ್ದು!"

"ನನಗ್ಯಾಕಬೇ? ನಾ ಬರೇ ಹಿಡಕೊಂಡಿದ್ದೆ. ಬಿಚ್ಚಿಕೊಂಡು ಬಂದದ್ದು ಅದ!"

ಸಾವಂತ್ರೆವ್ವ ಮಗನ ಮಾರಿ ನೋಡಿದ್ಲು, ವೈರ್ ನೋಡಿದ್ಲು. ಮಗನ ಬಾಜೂಕ ಕುಂತು, ವೈರಿನ ಎಲಿಗೂ ಒಂದು ಚಮಚೆ ತುಪ್ಪಾ ಹಾಕಿದ್ಲು.