ಕಿವಿಯ ಮೇಲಿನ ಗಂಟು

ಶಿಷ್ಯ ನಿಂಗರಸ ಮಠದ ಗುರುತಾಯಿಯನ್ನು ಕೇಳಿದ: "ಅಮ್ಮಾ, ನಿನ್ನೆ ಬಂದವನು ಯಾರ ಮಗ, ಯಾವ ಕುಲ, ಒಂದೂ ಹೇಳುತ್ತಿಲ್ಲ. ಮೂಲವೇ ತಿಳಿಯದವನನ್ನು ನಮ್ಮ ಪಂಕ್ತಿಯಲ್ಲಿ ಹೇಗೆ ಕೂರಿಸಲಿ?"

"ಮೂಲ ಬೇಕಾ ನಿನಗೆ? ಕೂತುಕೋ. ಒಂದು ಇಡೀ ಜನದ ಮೂಲವನ್ನೇ ಹೇಳುತ್ತೇನೆ," ಎಂದಳು ಗುರುತಾಯಿ.

ಬಹಳ ಹಿಂದೆ ಜರ್ಮನ್ನರ ಸೀಮೆಯಲ್ಲಿ ಒಂದು ದೊಡ್ಡ ಹೊಳೆ. ಆಚೆ ದಡದಲ್ಲಿ ರೋಮಿನ ಕೋಟೆ, ಈಚೆ ಕಾಡು. ಕಾಡಿಗೆ ಓಡಿಬಂದವರೆಲ್ಲ ಸೇರಿ ಒಂದು ಜನವಾದರು. ಎಂಥವರು ಅಂತೀಯ! ಒಬ್ಬ ಸೈನ್ಯ ಬಿಟ್ಟು ಓಡಿದವನು. ಒಬ್ಬಳು ಗಂಡನನ್ನು ಬಿಟ್ಟು ಮೈದುನನ ಜೊತೆ ಬಂದವಳು. ಇನ್ನಿಬ್ಬರು ಅಣ್ಣತಮ್ಮಂದಿರಂತೆ, ಮುಖದಲ್ಲಿ ಒಂದಿಷ್ಟೂ ಹೋಲಿಕೆಯಿಲ್ಲ, ಅವರಮ್ಮನನ್ನೇ ಕೇಳಬೇಕು.

ಅಲ್ಲೊಬ್ಬ ಹೆಂಗಸು ಇದ್ದಳು. ಬಂದವರನ್ನು ಅವಳು ಕೇಳುತ್ತಿದ್ದುದು ಒಂದೇ ಮಾತು: "ಊಟ ಆಯಿತಾ?" ಉಂಡ ಮೇಲೆ ಅವರ ಕೂದಲನ್ನು ಬಲಗಿವಿಯ ಮೇಲೆ ಸುತ್ತಿ ಗಂಟು ಹಾಕುವಳು. ಆ ಗಂಟು ಇದ್ದವನು ಸ್ವತಂತ್ರ, ಇಲ್ಲದವನು ಆಳು. ಆಚೆಯವರು ತಲೆ ಬೋಳಿಸಿ ಅಟ್ಟಿದವರಿಗೆ ತನ್ನ ಕೂದಲನ್ನೇ ಕತ್ತರಿಸಿ, ಪಟ್ಟಿ ಸುತ್ತಿ ಕಿವಿಯ ಮೇಲೆ ಕಟ್ಟುವಳು.

ವರ್ಷಗಳು ಕಳೆದವು. ಅವರಲ್ಲೊಬ್ಬನ ಮಗ ನಾಯಕನಾದ. ಒಮ್ಮೆ ರೋಮಿನ ದೂತ ಬಂದು ಊಟಕ್ಕೆ ಕೂತವನು, ನಿಮ್ಮದು ಯಾವ ವಂಶ ಎಂದು ಕೇಳಿಬಿಟ್ಟ. ನಾಯಕ ಅವನಿಗೆ ಇನ್ನಷ್ಟು ಮಾಂಸ ಬಡಿಸಿ ಮಾತು ತಿರುಗಿಸಿದ. ಮರುದಿನವೇ ಒಬ್ಬ ಹಾಡುಗಾರನನ್ನು ಕರೆಸಿದ. ಹಾಡುಗಾರನಿಗೇನು, ಹೊಟ್ಟೆ ತುಂಬಿದರೆ ದೇವರನ್ನೂ ನೆಂಟನಾಗಿಸುತ್ತಾನೆ. ನಾಯಕನ, ಅವನ ಆಪ್ತರ ಮನೆಗಳ ಪೂರ್ವಿಕರು ದೇವರ ಮಕ್ಕಳು, ಸಮುದ್ರದ ನಡುವಿನ ದ್ವೀಪದಿಂದ ಇಳಿದುಬಂದವರು ಎಂದು ಹಾಡಿದ. ನಾಯಕ ಎಷ್ಟು ಹಿಗ್ಗಿದನೆಂದರೆ, ಹಾಡಿನಲ್ಲಿ ಹೆಸರಿಲ್ಲದ ಮನೆಯವರು ಗಂಟು ಬಿಚ್ಚಬೇಕು ಎಂದು ಸಭೆಯಲ್ಲಿ ಆಜ್ಞೆ ಮಾಡಿದ. ಹೆಸರಿದ್ದವರು ಈಟಿಯಿಂದ ಗುರಾಣಿ ಬಡಿದು ಒಪ್ಪಿಕೊಂಡರು.

ಮುದುಕಿಯಾಗಿದ್ದ ಆ ಹೆಂಗಸು ಎದ್ದು ನಿಂತಳು. "ಯಾವ ದ್ವೀಪವೋ ಮಗನೇ? ನಿಮ್ಮಪ್ಪ ಹಂದಿ ಕದ್ದು ಸಿಕ್ಕಿಬಿದ್ದಿದ್ದ. ಆಚೆಯವರು ತಲೆ ಬೋಳಿಸಿ ಅಟ್ಟಿದ್ದರು. ಅವನ ಮೊದಲ ಗಂಟು ನನ್ನ ಕೂದಲು."

ಸಭೆಯಲ್ಲಿ ಯಾರೋ ನಕ್ಕರು. ಆ ನಗುವಿಗೇ ನಾಯಕ ಅವಳನ್ನು ಊರಾಚೆಯ ದಟ್ಟ ಕಾಡಿಗೆ ಅಟ್ಟಿದ. ಗಂಟು ಬಿಚ್ಚಿದವರು ಆಳುಗಳಾಗಲು ಒಪ್ಪದೆ ಅವಳ ಹಿಂದೆಯೇ ಹೋದರು. ಊರು ಅರ್ಧ ಬರಿದಾಯಿತು.

ಆ ಚಳಿಗಾಲ ಹೊಳೆ ಹೆಪ್ಪುಗಟ್ಟಿತು. ರೋಮಿನ ಸೈನ್ಯ ಮಂಜುಗಡ್ಡೆಯ ಮೇಲೆ ನಡೆದೇ ಬಂತು. ನಾಯಕ ಕೊಂಬು ಊದಿಸಿದ. ಬಂದವರು ಬೆರಳೆಣಿಕೆಯಷ್ಟು. ಹಾಡಿನ ಪೂರ್ವಿಕರು ಯಾರೂ ಗುರಾಣಿ ಹಿಡಿಯಲು ಬರಲಿಲ್ಲ. ಹಾಡುಗಾರ? ಅವನು ಆಗಲೇ ರೋಮಿನವರ ಬಿಡಾರದಲ್ಲಿ ಹೊಸ ಹಾಡು ಶುರುಮಾಡಿದ್ದ.

ಸೆರೆಸಿಕ್ಕ ನಾಯಕನ ತಲೆ ಬೋಳಿಸಿದರು. ಅವನು ಹೇಗೋ ತಪ್ಪಿಸಿಕೊಂಡು, ಕಾಡು ಅಲೆದು, ಕೊನೆಗೆ ಮುದುಕಿಯ ಗುಡಿಸಲಿಗೆ ಬಂದ. ಅವಳು ಬೈಯಲಿಲ್ಲ.

"ಊಟ ಆಯಿತಾ?" ಎಂದಳು.

ಉಂಡ ಮೇಲೆ ಅವನು ಅವಳ ಮುಂದೆ ತಲೆ ಬಾಗಿಸಿ ಕೂತ. ಮುದುಕಿ ಕತ್ತರಿ ತೆಗೆದುಕೊಂಡು ತನ್ನ ತಲೆಯನ್ನು ತಡವಿದಳು. ಮತ್ತೆ ತಡವಿದಳು. ಗಂಟಿಗೆ ಆಗುವಷ್ಟು ಕೂದಲು ಅಲ್ಲಿ ಉಳಿದಿರಲಿಲ್ಲ. ಅವನ ಬೋಳುತಲೆಯ ಮೇಲೆ ಕೈಯಿಟ್ಟು ಕೂತಳು.

ಗುರುತಾಯಿ ಕತೆ ನಿಲ್ಲಿಸಿದಳು. ನಿಂಗರಸ ಕೇಳಿದ: "ಹಾಗಾದರೆ ಆ ಹೊಸಬನನ್ನು ನಾನು ಏನೂ ಕೇಳಬಾರದೇ, ಅಮ್ಮಾ?"

"ಕೇಳು ಮಗಾ, ನೀನು ಈ ಬಾಗಿಲಿಗೆ ಬಂದ ದಿನ ನಾನು ನಿನ್ನನ್ನು ಕೇಳಿದ್ದನ್ನೇ ಕೇಳು."

ನಿಂಗರಸ ಎದ್ದು ಹೋಗಿ ಪಂಕ್ತಿಯಲ್ಲಿ ತನ್ನ ಪಕ್ಕಕ್ಕೆ ಇನ್ನೊಂದು ಎಲೆ ಹಾಕಿದ.