ಬೀಜ ನೆನೆಹಾಕಿದ ಬುಧವಂತ

ಸಿಹಿನೀರನ್ನೂ ಉಪ್ಪುನೀರನ್ನೂ ಒಂದೇ ಕೈಯಿಂದ ಮಾಡಿದ ತಾಯಿಗೆ ಮೊದಲು ಶರಣು. ಕೇಳಲು ಕೂತ ನಿಮಗೂ ಶರಣು.

ಬಹಳ ಬಹಳ ಹಿಂದೆ, ಹೊಳೆ ಕಡಲು ಸೇರುವಲ್ಲಿ ಕಂಡ್ಲಕೇರಿ ಅಂತ ಒಂದು ಊರು. ಊರಿನ ಯಜಮಾನನನ್ನು ಬುಧವಂತ ಅನ್ನುತ್ತಿದ್ದರು. ಹೆಸರು ಕುಪ್ಪಗೌಡ. ಆಳು ಗಿಡ್ಡ, ದನಿ ಮಾತ್ರ ಆಚೆ ದಡ ಮುಟ್ಟುತ್ತಿತ್ತಂತೆ.

ಒಂದು ವರ್ಷ ಕಡಲು ಉಕ್ಕಿ ಬಂದು, ಗದ್ದೆ ಕಾಯುತ್ತಿದ್ದ ಮಣ್ಣಿನ ಕಟ್ಟೆಯನ್ನು ಒಡೆದುಹಾಕಿತು. ಗದ್ದೆಗೆಲ್ಲ ಉಪ್ಪುನೀರು. ಉಳಿದದ್ದು ಹುಲ್ಲಿನ ಮುಡಿಯಲ್ಲಿ ಕಟ್ಟಿಟ್ಟ ಬಿತ್ತನೆ ಭತ್ತ ಅಷ್ಟೇ. ಅದನ್ನೂ ಕುಟ್ಟಿ ಉಂಡು ಘಟ್ಟ ಹತ್ತಿಬಿಡೋಣ ಅಂದರು ಜನ. ಬೀಜ ಉಂಡರೆ ಊರೇ ಇಲ್ಲ ಅಂತ ಕುಪ್ಪಗೌಡನಿಗೆ ಗೊತ್ತಿತ್ತು.

ಅವನು ಒಡೆದದ್ದರ ಮಾತೇ ಎತ್ತಲಿಲ್ಲವಂತೆ. ಮಣ್ಣು ಹೊರಿ ಅನ್ನಲಿಲ್ಲ, ಹೊರೋಣ ಅಂದ. ತಾನೇ ಮೊದಲ ಬುಟ್ಟಿ ಹೊತ್ತ. ಸಂಜೆ ಹೊಸ ಮಣ್ಣಿನ ಮೇಲೆ ನಿಂತು, ಇವತ್ತು ಕಡಲು ಹನ್ನೊಂದು ಮಾರು ಸೋತಿತು ಅನ್ನುತ್ತಿದ್ದ. ಇನ್ನೆಷ್ಟು ಉಳಿದಿದೆ ಅಂತ ಒಂದು ದಿನವೂ ಹೇಳಲಿಲ್ಲವಂತೆ. ಬರೀ ಕೆಸರಿನತ್ತ ಕೈಚಾಚಿ, ಅಗೋ ಪೈರು ಎದೆಮಟ್ಟ ನಿಂತಿದೆ ಅನ್ನುತ್ತಿದ್ದ. ನೋಡಿದವರಿಗೆ ಹಸಿರೇ ಕಂಡಿತಂತೆ.

ಹುಣ್ಣಿಮೆಯೊಳಗೆ ಮುಗಿಯುತ್ತದೆ ಅಂತಲೂ ಹೇಳಿಬಿಟ್ಟಿದ್ದ. ಹುಣ್ಣಿಮೆಯ ಉಬ್ಬರ ಬಂತು, ಕಟ್ಟಿದ್ದರಲ್ಲಿ ಅರ್ಧ ಕೊಚ್ಚಿಹೋಯಿತು.

ಗಂಡ ಸತ್ತ ಬೀರಮ್ಮ ಬುಟ್ಟಿ ಬಿಸಾಕಿದಳು. "ನಿನ್ನ ಬಾಯನ್ನೇ ಆ ಕಟ್ಟೆಯ ಕಂಡಿಗೆ ಅಡ್ಡ ಇಡು ಮಾರಾಯಾ, ನೀರು ನಿಂತೀತು!"

ಜನ ನಕ್ಕರು. ಅವನೂ ನಕ್ಕ. "ನನ್ನ ಬಾಯಷ್ಟೇ ಕಂಡಿ ಉಳಿದದ್ದು ಅಂದ್ಯಲ್ಲೇ ಬೀರಕ್ಕಾ! ಹಂಗಾರೆ ಮುಚ್ಚೂಕೆ ಎಷ್ಟು ಹೊತ್ತು?"

ಆಮೇಲೆ ಕೈಮುಗಿದು, ಹುಣ್ಣಿಮೆ ಅಂದದ್ದು ತನ್ನ ತಪ್ಪು, ದಿನ ಗೊತ್ತುಮಾಡುವುದು ದೇವರ ಕೆಲಸ ಅಂದ. ಮನೆಗೆ ಹೋಗಿ ತನ್ನ ಬೀಜದ ಮುಡಿ ತಂದ. ಎಲ್ಲರೂ ನೋಡುತ್ತಿದ್ದಂತೆ ಊರ ಸಿಹಿನೀರಿನ ಕೆರೆಗೆ ಇಳಿಸಿಬಿಟ್ಟ. ನೆನೆದ ಬೀಜ ಮೂರು ದಿನಕ್ಕೆ ಮೊಳೆಯುತ್ತದೆ, ಮೊಳೆತದ್ದನ್ನು ಬಿತ್ತಲೇಬೇಕು. ಗದ್ದೆಯಲ್ಲೋ ಇನ್ನೂ ಉಪ್ಪುನೀರು! ಇವನಿಗೆ ತಲೆ ಕೆಟ್ಟಿತು ಅಂದರು. ಅವನಿಗೂ ಒಳಗೊಳಗೆ ಅಂಜಿಕೆಯೇ. ತಾಯೀ, ಬಾಯಿ ನನ್ನದು, ಮಾತು ನಿನ್ನದಾಗಲಿ ಅಂತ ಬೇಡಿಕೊಂಡನಂತೆ.

ಬೀರಮ್ಮ ಮನೆಗೆ ನಡೆದಳು. ತನಗಿದ್ದ ಒಂದೇ ಮುಡಿಯನ್ನು ತಂದು ಅವನದರ ಪಕ್ಕಕ್ಕೆ ಇಳಿಸಿದಳು. ಆಮೇಲೆ ಇನ್ನೊಂದು ಮನೆಯದು, ಮತ್ತೊಂದು ಮನೆಯದು. ಬೀಜ ನೀರಿಗೆ ಬಿದ್ದ ಮೇಲೆ ಘಟ್ಟದ ಮಾತು ಯಾರು ಆಡುತ್ತಾರೆ? ಮೂರು ದಿನ ಊರಿಗೆ ಊರೇ ಕೆಸರಲ್ಲಿ. ಮೂರನೆಯ ದಿನ ಕಂಡಿ ಮುಚ್ಚಿತು. ಬೆನ್ನಿಗೇ ಮಳೆ ಸುರಿದು ಗದ್ದೆಯ ಉಪ್ಪನ್ನು ತೊಳೆಯಿತು, ಮೊಳೆತ ಬೀಜ ಗದ್ದೆ ಸೇರಿತು. ಮಳೆಯಾಗಿ ಬಂದವಳು ತಾಯಿ ಅನ್ನುತ್ತಾರೆ. ಮಣ್ಣು ಹೊತ್ತ ಕೈಗಳಲ್ಲಿದ್ದವಳೂ ಅವಳೇ.

ಇವತ್ತಿಗೂ ಆ ಕಡೆ ಕಟ್ಟೆ ಕಟ್ಟುವಾಗ ಕೊನೆಯ ಕಂಡಿ ಮುಚ್ಚುವ ಮೊದಲು ಯಜಮಾನನ ಮನೆಯ ಮುಡಿ ನೀರಿಗಿಳಿಯಬೇಕಂತೆ. ಅದು ಇಳಿಯುವವರೆಗೆ ಅವನು ಎಷ್ಟು ಚಂದ ಮಾತಾಡಿದರೂ ಯಾರೂ ಕಿವಿಗೊಡುವುದಿಲ್ಲವಂತೆ.

ಕೇಳಿದವರ ಅಂಗಳ ತುಂಬಿರಲಿ, ಮಕ್ಕಳುಮರಿ ತಣ್ಣಗಿರಲಿ, ತಾಯಿ ನಿಮ್ಮನ್ನೆಲ್ಲ ಕಾಯಲಿ.