ಪಂಪಿನ ಕೆಳಗಿನ ತೂತು

"ಅವ್ವಾರ, ಉಸ್ತಾದ್ ದಸ್ತಗೀರಸಾಬರ ಮನೀಗೆ ಯಾವ ಕಡೆ ಹೋಗಬೇಕ್ರೀ?"

ಭೀಮಾ ನದಿಯ ದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ತಲೆಯೆತ್ತಿದಳು. ಎದುರಿಗೊಂದು ಲಾರಿ ಹಬೆ ಬಿಡುತ್ತ ನಿಂತಿತ್ತು. ಕೇಳಿದವಳು ಅದರ ಡ್ರೈವರ್ ತಂಗೆವ್ವ. ಗುಜರಾತಿನಿಂದ ಅಸ್ಸಾಮಿನವರೆಗೆ ದಾರಿ ತಪ್ಪದೆ ಓಡಾಡಿದವಳು, ಬೆಳಗಿನಿಂದ ಮೂರೇ ಹಳ್ಳಿಗಳ ನಡುವೆ ಸುತ್ತುತ್ತಿದ್ದಳು.

"ಮನೀಗ್ಯಾಕ ಹೋಗ್ತಿ? ಅಗೋ, ಆ ಬೇವಿನಗಿಡದ ಕೆಳಗ ಕುಂತಾರ. ನಿನ್ನ ಲಾರಿ ಕೆಮ್ಮೋದು ಕೇಳಿ ಆಗಲೇ ನಗಾಕತ್ತಾರ."

ದಸ್ತಗೀರಸಾಬರು ನಗುತ್ತಿರಲಿಲ್ಲ. ಅವರ ಗ್ಯಾರೇಜಿನಲ್ಲಿ ಕೆಲಸ ಕಲಿತಿದ್ದ ಶಿಷ್ಯೆ ಆರು ವರ್ಷದ ಮೇಲೆ, ಅವರು ಗ್ಯಾರೇಜು ಬಿಟ್ಟು ಈ ಹಳ್ಳಿ ಸೇರಿದ ಮೇಲೆ ಮೊದಲ ಸಲ, ಬಂದಿದ್ದಳು. ಅವರು ಎದ್ದು ಬಂದು, ಅವಳ ಮುಖ ಬಿಟ್ಟು ಲಾರಿಯ ಮುಖ ನೋಡಿದರು.

"ಉಸ್ತಾದ್, ಸಂಜೀಕ ಗುಜರಿಯವನಿಗೆ ಮಾತು ಕೊಡಬೇಕು. ಲಾರಿ ಉಳೀತದೋ ಇಲ್ಲೋ ನೀವ ಹೇಳ್ರಿ. ಇದು ಹೋದ್ರ ನನಗ ಬ್ಯಾರೆ ಏನೂ ಇಲ್ಲ."

"ಏನಾಗ್ಯದ?"

"ಇಂಜಿನ್ ತಂಪು ಮಾಡೋ ಕೂಲಂಟ್ ಹಾಕಿದ್ರ ಎರಡ ದಿನಕ್ಕ ಖಾಲಿ. ಈಗ ಬರೇ ನೀರು, ಇಪ್ಪತ್ತು ಕಿಲೋಮೀಟರಿಗೆ ಒಂದು ಕೊಡ. ಆದರೂ ಬಿಸಿ ತೋರಿಸೋ ಮುಳ್ಳು ಕೆಂಪಿಗೇ ಹೋಗ್ತದ. ರೇಡಿಯೇಟರ್ ಬದಲಿ ಮಾಡಿಸಿದೆ, ಪೈಪ್ ಬದಲಿ ಮಾಡಿಸಿದೆ. ನೆಲಕ್ಕ ಒಂದು ಹನೀನೂ ಬೀಳಂಗಿಲ್ಲ. ಇಂಜಿನ್ ಸೀಳ್ಯದ, ಗುಜರಿಗೆ ಹಾಕು ಅಂದ್ರು ಪ್ಯಾಟ್ಯಾಗ."

ಹೇಳುತ್ತಲೇ ರೇಡಿಯೇಟರಿನ ಮುಚ್ಚಳಕ್ಕೆ ಕೈ ಚಾಚಿದಳು. ಉಸ್ತಾದರು ಆ ಕೈಗೆ ಮೆಲ್ಲಗೆ ಹೊಡೆದರು.

"ಮಾರಿ ಸುಟ್ಟುಕೊಂಡು ಗುಜರಿಯವನ ಮುಂದ ಹೋಗಾಕಿಯೇನು? ಕೂಡು."

ಸುಮ್ಮನೆ ಕೂರುವುದು ತಂಗೆವ್ವನ ಜಾಯಮಾನವಲ್ಲ. ಎರಡು ಸಲ ಎದ್ದಳು. ಎರಡು ಸಲವೂ ಉಸ್ತಾದರ ಹುಬ್ಬು ಅವಳನ್ನು ಕೂರಿಸಿತು.

ಇಂಜಿನ್ ತಣ್ಣಗಾದ ಮೇಲೆ ಅವರು ಎಣ್ಣೆಯ ಕಡ್ಡಿ ಎಳೆದು ನೋಡಿದರು. ಎಣ್ಣೆ ಕಪ್ಪಗೇ ಇತ್ತು, ನೀರು ಬೆರೆತು ಹಾಲುಬಣ್ಣಕ್ಕೆ ತಿರುಗಿರಲಿಲ್ಲ.

"ಬೆಳ್ಳಗ ಹೊಗಿ ಬಿಡತದೇನು?"

"ಇಲ್ರಿ."

"ಹಂಗಾರ ನೀರು ಇಂಜಿನ್ ಕುಡದಿಲ್ಲ. ಅದು ಸೀಳಿಲ್ಲ."

"ಮತ್ತ ನೀರು ಎಲ್ಲಿ ಹೋತ್ರೀ?"

"ಫ್ಯಾನಿನ ಸುತ್ತ ತಗಡದ ನೋಡು. ಬೆರಳಿಲೆ ಒರಸು."

ಒರೆಸಿದಳು. ಬೆರಳಿಗೆ ಸುಣ್ಣದಂಥ ಹುಡಿ ಹತ್ತಿತು.

ಉಸ್ತಾದರು ಫ್ಯಾನು ಹಿಡಿದು ಅಲುಗಿಸಿದರು. ಅದು ಮುದುಕರ ಹಲ್ಲಿನಂತೆ ಕುಲುಕಿತು. "ಇದರ ಹಿಂದಿನ ನೀರಿನ ಪಂಪು ಹೋಗ್ಯದ. ಓಡುವಾಗ ನೀರು ಇಲ್ಲಿಂದ ಚಿಮ್ಮತದ, ಗಾಳಿಗೆ ಅಲ್ಲೇ ಒಣಗತದ. ನೀವೆಲ್ಲ ನಿಂತ ಲಾರಿ ಕೆಳಗ ಹಣಿಕಿದ್ರಿ." ಆಮೇಲೆ ಬಗ್ಗಿ, ಪಂಪಿನ ತಳ ಮುಟ್ಟಿದರು. "ಇಲ್ಲೊಂದು ತೂತು ಇರಬೇಕಿತ್ತಲ್ಲ?"

"ಇತ್ರೀ. ದೀಪಾವಳಿ ಹೊತ್ತಿಗೆ ಹನಿ ಹನಿ ಸೋರತಿತ್ತು. ನಾನ ಪೈಪಿಗೆ ಹಚ್ಚೋ ಅಂಟು ಮೆತ್ತಿ ಮುಚ್ಚಿದೆ." ದನಿಯಲ್ಲಿ ಕೊಂಚ ಹೆಮ್ಮೆಯೂ ಇತ್ತು. "ಕಲ್ಲಿನಂಗ ಕುಂತದ ನೋಡ್ರಿ."

"ಅದು ಮಾಡಿದವರೇ ಬಿಟ್ಟ ತೂತು, ತಾಯಿ. ಒಳಗ ನೀರು ತಡಿಯೋ ಸೀಲು ಸವದ್ರ ಹೊರಗ ಗೊತ್ತಾಗ್ಲಿ ಅಂತ. ನೀ ಅದರ ಬಾಯಿ ಮುಚ್ಚಿದಿ. ನೀರು ಒಳಗ ಹೋಗಿ ಪಂಪು ತಿರುಗಿಸೋ ಬೇರಿಂಗ್ ತಿಂತು."

ತಂಗೆವ್ವ ಬೆರಳಿನ ಹುಡಿ ಕೊಡವಿದಳು.

"ಲಾರಿ?" ಎಂದಳು.

"ಪಂಪೊಂದು ಹಾಕು. ಗುಜರಿಯವನಿಗೆ ಚಹಾ ಕುಡಿಸಿ ಕಳಸು."

ಫೋನು ಮಾಡಿ ತರಿಸಿದ ಪಂಪು ಮಧ್ಯಾಹ್ನದ ಬಸ್ಸಿನಲ್ಲಿ ಬಂತು. ಅವಳೇ ಕೂರಿಸಿದಳು, ಉಸ್ತಾದರಿಗೆ ತಿದ್ದಲು ಏನೂ ಸಿಗಲಿಲ್ಲ. ಇಂಜಿನ್ ಒಂದು ತಾಸು ಓಡಿತು. ಮುಳ್ಳು ನಡುವೆ ಹೋಗಿ ಕೂತಿದ್ದು ಅಲ್ಲಿಂದ ಏಳಲಿಲ್ಲ.

"ಏನು ಕೊಡಲ್ರೀ ಉಸ್ತಾದ್?"

"ಇವತ್ತಿಂದು ಇರಲಿ. ಹಳೇದೊಂದು ಬಾಕಿ ಅದ."

ಯಾವುದೆಂದು ಅವಳಿಗೆ ಗೊತ್ತಿತ್ತು. ಕೆಲಸ ಕಲಿತು ಹೋಗುವವರು ಕಡೆಯ ದಿನ ಕೈಕಟ್ಟಿ ನಿಂತು, ಎದುರಾಡದೆ, ತಮ್ಮ ಬಗ್ಗೆ ಉಸ್ತಾದರು ಹೇಳುವ ಮೂರು ಮಾತು ಕೇಳಿಕೊಂಡು ಹೋಗುವುದು ಅವರ ಗ್ಯಾರೇಜಿನ ಪದ್ಧತಿ. ಅವಸರಗೇಡಿ ಅನ್ನುವುದು ಅವಳಿಗೆ ಸಿಕ್ಕ ಮೊದಲನೆಯದು. ಹೇಳಿದ್ದು ಕಿವಿಗೆ ಹಾಕಿಕೊಳ್ಳುವುದಿಲ್ಲ ಅನ್ನುವುದು ಎರಡನೆಯದು. ಮೂರನೆಯದಕ್ಕೆ ಅವಳು ನಿಂತಿರಲೇ ಇಲ್ಲ.

ತಂಗೆವ್ವ ಕೈ ಒರೆಸಿಕೊಂಡಳು. ಇಂಜಿನ್ ಬಂದ್ ಮಾಡಿ ಬಂದು, ಕೈಕಟ್ಟಿ ನಿಂತಳು.

"ಹೇಳ್ರಿ. ಕೇಳತೀನಿ."

ದಸ್ತಗೀರಸಾಬರು ಉಳಿದಿದ್ದ ಮೂರನೆಯ ಮಾತು ಹೇಳಿದರು.

"ನನ್ನ ಕೈಗಿಂತ ನಿನ್ನ ಕೈ ಚೊಲೋ ಅದ, ಮಗಳ."